ಸಹಿ ಮಾಡಿದರೆ ತವರು ಉಳಿಯುತ್ತದೆಯೇ?

(ಗುರುತು ಹತ್ತದಂತೆ ಊರು, ವಯಸ್ಸು, ಜಮೀನಿನ ವಿವರ ಬದಲಿಸಲಾಗಿದೆ.)

ಕಾನೂನು ಸಲಹೆ ಕೇಳಿ ನಮ್ಮಲ್ಲಿಗೆ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ತವರು ಬಾಗಲಕೋಟೆ ಜಿಲ್ಲೆಯ ಕೃಷ್ಣಾ ದಂಡೆಯ ಹಳ್ಳಿ, ಗಂಡನ ಮನೆ ವಿಜಯಪುರದ ಕಡೆ. ತಂದೆ ತೀರಿಕೊಂಡಿದ್ದಾರೆ, ಉಯಿಲು ಬರೆದಿಟ್ಟಿಲ್ಲ. ತಾಯಿ, ಇಬ್ಬರು ಅಣ್ಣಂದಿರು ಇದ್ದಾರೆ. ಎಂಟು ಎಕರೆ ನೀರಾವರಿ ಜಮೀನು ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಬರುತ್ತದೆ. ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ (ಜಮೀನಿನಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಎಂಬ ಕಾಗದ) ಬರೆಸಿಟ್ಟು, ಸಹಿ ಮಾಡಿದರೆ ಅರಿಷಿಣ-ಕುಂಕುಮಕ್ಕೆಂದು ಎರಡು ಲಕ್ಷ ಕೊಡುತ್ತೇವೆ ಎಂದಿದ್ದಾರೆ.

ಆಕೆ ಮೊದಲು ಕೇಳಿದ್ದು ಜಮೀನಿನ ಮಾತಲ್ಲ. “ಸಹಿ ಮಾಡ್ಲಿಲ್ಲಂದ್ರ ಪಂಚಮಿಗೆ ಕರಿಯಾಕ ಯಾರ್ ಬರ್ತಾರ್ರಿ?” ಅಂದರು. ಇಂಥ ಪ್ರಕರಣಗಳಲ್ಲಿ ಹೆಚ್ಚಾಗಿ ಗಂಟು ಬಿದ್ದಿರುವುದು ಇಲ್ಲೇ. ಕಲಮುಗಳನ್ನು ಮೊದಲೇ ಹೇಳಹೊರಟರೆ ಬಂದವರು ತಲೆಯಾಡಿಸಿ ಎದ್ದುಹೋಗುತ್ತಾರೆ, ಮರುವಾರ ಸಹಿಯೂ ಆಗಿರುತ್ತದೆ. ಆದ್ದರಿಂದ ಮೊದಲ ಭೇಟಿ ಪೂರ್ತಿ ತವರಿನ ಮಾತಿಗೇ ಹೋಯಿತು. ಒಂದು ವಾಕ್ಯವನ್ನು ಮಾತ್ರ ನಾಲ್ಕೈದು ಸಲ ಬಾಯಿಬಿಟ್ಟು ಹೇಳಿಸಿದೆವು: “ಅಣ್ಣಾ, ಸಹಿ ಮಾಡಂಗಿಲ್ಲ ಅನ್ನಾಕತ್ತಿಲ್ಲ. ಕಾಗದ ಓದಿಸ್ಕೊಂಡು ಹೇಳ್ತೀನಿ.” ಇದರಲ್ಲಿ ಜಗಳಕ್ಕೆ ಎಡೆಯಿಲ್ಲ, ಕಾಲಾವಕಾಶ ಸಿಗುತ್ತದೆ.

ಎರಡನೇ ಭೇಟಿಯಲ್ಲಿ ಲೆಕ್ಕ. 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿರುವ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕಿತ್ತು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿದೆ. “ನಾವು ಲಿಂಗಾಯತರು, ನಮಗ ಇದು ಬರಂಗಿಲ್ಲ” ಎನ್ನುವವರಿದ್ದಾರೆ. ಕಾಯ್ದೆಯಲ್ಲೇ ಲಿಂಗಾಯತ ಎಂದು ಹೆಸರಿಸಿ ಬರೆದಿದೆ. ಮದುವೆಗೆ ಖರ್ಚು ಮಾಡಿದ್ದೇವೆ ಎಂಬ ಮಾತಿನಿಂದ ಪಾಲು ತೀರುವುದಿಲ್ಲ. ಈ ಮನೆಯಲ್ಲಿ ನಾಲ್ಕು ಪಾಲು, ತಲಾ ಎರಡು ಎಕರೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ಪರಿಹಾರ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದೆ. ಎರಡು ಲಕ್ಷದ ಎದುರು 80 ಲಕ್ಷ ಎಂದು ಹಾಳೆಯ ಮೇಲೆ ಬರೆದಾಗ ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಬಿಟ್ಟುಕೊಡುವುದೂ ಆಕೆಯ ಹಕ್ಕೇ. ಮೊತ್ತ ತಿಳಿಯದೆ ಬಿಡಬಾರದು, ಅಷ್ಟೇ. ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದು ಮಾಡಿಸಬೇಕೆಂದರೆ ಮೋಸ ಗೊತ್ತಾದ ಮೂರು ವರ್ಷದೊಳಗೆ ದಾವೆ ಹೂಡಬೇಕು, ಮೋಸವನ್ನು ರುಜುವಾತೂ ಮಾಡಬೇಕು. ಖಾಲಿ ಬಾಂಡ್ ಪೇಪರಿಗಂತೂ ಹೆಬ್ಬೆಟ್ಟು ಬೇಡವೇ ಬೇಡ ಎಂದೆವು.

ತರಲು ಹೇಳಿದ ಕಾಗದ: ಈಗಿನ ಉತಾರ (ಪಹಣಿ), ಹಳೆಯ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ತಂದೆಯ ಮರಣ ಪ್ರಮಾಣಪತ್ರ, ವಂಶಾವಳಿ. ವಂಶಾವಳಿಯನ್ನು ಕಣ್ಣಾರೆ ನೋಡಲೇಬೇಕು. ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಟ್ಟು ಮಾಡಿಸುವ ಕೈಚಳಕ ನಡೆಯುವುದು ಅಲ್ಲೇ. ಬಿಟ್ಟಿದ್ದರೆ ತಹಶೀಲ್ದಾರರಿಗೂ ವಿಶೇಷ ಭೂಸ್ವಾಧೀನಾಧಿಕಾರಿಗೂ ಬರಹದಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ಪರಿಹಾರ ಅಣ್ಣಂದಿರ ಖಾತೆಗೆ ಜಮೆಯಾದ ಮೇಲೆ ವಸೂಲಿ ದೊಡ್ಡ ತಲೆನೋವು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ, ಸಹಾಯವಾಣಿ 15100.

ಮೂರನೇ ಭೇಟಿಗೆ ಗಂಡನೂ ಬಂದರು. ಪಾಲು ತರಲೇಬೇಕೆಂಬ ಅವಸರ ಅವರದು, ಟ್ರ್ಯಾಕ್ಟರ್ ಸಾಲವಿದೆ. ಅಣ್ಣಂದಿರ ಒತ್ತಡದಿಂದ ಬಿಡಿಸಿ ಗಂಡನ ಒತ್ತಡಕ್ಕೆ ಒಪ್ಪಿಸಿದರೆ ಬಂದ ಭಾಗ್ಯವೇನು? ಆ ಹಣ ಪೂರ್ತಿ ಆಕೆಯದೇ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಹೇಳುತ್ತದೆ. ಜಂಟಿ ಖಾತೆ ಬೇಡ, ಆಕೆಯೊಬ್ಬರ ಹೆಸರಿನಲ್ಲೇ ತೆಗೆಯಿರಿ ಎಂದು ಇಬ್ಬರ ಎದುರಿಗೇ ಹೇಳಿದೆವು. ಗಂಡನಿಗೆ ಅದು ರುಚಿಸಲಿಲ್ಲ.

ತಕರಾರು ಅರ್ಜಿ ಸಲ್ಲಿಕೆಯಾಗಿದೆ. ಹಿರಿಯ ಅಣ್ಣ ಮಾತು ಬಿಟ್ಟಿದ್ದಾನೆ, ಕಿರಿಯವ ಒಂದು ಎಕರೆಯ ಪರಿಹಾರ ಕೊಡುವ ಮಾತಿಗೆ ಬಂದು ನಿಂತಿದ್ದಾನೆ. ತಾಯಿ ಫೋನಿನಲ್ಲಿ ಮಗಳನ್ನು ಕೇಳಿದ್ದಾರಂತೆ: “ಹಂಗಾರ ನಂದೂ ಒಂದ್ ಪಾಲ್ ಐತೇನs?” ಮುಂದಿನ ಭೇಟಿಗೆ ಅವರನ್ನೂ ಕರೆತರಲು ತಿಳಿಸಿದ್ದೇವೆ.