ಬೆಲಾರುಸ್ ಕೈದಿಗಳಿಗೆ ಹಣ: ಮಗಳ ಕೈಯಿಂದ ಬೇಡ

ಬೆಲಾರುಸ್ ವಿಚಾರ ಬರೆದಾಗೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಒಂದಕ್ಕೆ ಈ ಸಲ ಉದ್ದವಾಗಿಯೇ ಹೇಳುತ್ತೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ನನಗಿಲ್ಲ.

ಪ್ರಶ್ನೆ: ಮಗಳು ಬೆಲಾರುಸಿನ ಗ್ರೋಡ್ನೊದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅಲ್ಲಿನ ಅಧ್ಯಕ್ಷ ಲುಕಾಶೆಂಕೊ ಸರ್ಕಾರ ಜೈಲಿಗೆ ಹಾಕಿದವರ ಮನೆಯವರಿಗೆ, ದೇಶ ಬಿಟ್ಟು ಹೋದ ವಿರೋಧಿಗಳ ನಿಧಿಯೊಂದರ ಮೂಲಕ ಸ್ವಲ್ಪ ಹಣ ಕೊಡಬೇಕೆಂದಿದ್ದೇವೆ. ಅವಳೇ ಅಲ್ಲಿಂದ ಕಾರ್ಡ್‌ನಲ್ಲಿ ಕಟ್ಟಬಹುದೇ?

ಉತ್ತರ: ಬೇಡ. ಅವಳು ಅಲ್ಲಿರುವವರೆಗೆ ಅವಳೂ ಕೊಡುವುದು ಬೇಡ, ನೀವೂ ಬೇಡ.

2020ರ ಆಗಸ್ಟ್ ಚುನಾವಣೆಯಲ್ಲಿ ಮೋಸವಾಯಿತೆಂದು ಬೀದಿಗಿಳಿದವರು ಏಟು ತಿಂದರು, ದಂಡ ಕಟ್ಟಿದರು, ಕೆಲಸ ಕಳೆದುಕೊಂಡರು. ಅವರಿಗಾಗಿ ಫೇಸ್‌ಬುಕ್‌ನಲ್ಲಿ ಎಷ್ಟೋ ಜನ ಪುಡಿಗಾಸು ಹಾಕಿದರು. ಅದು ತಪ್ಪು ಅಂತ ಆಗ ಯಾರಿಗೂ ಅನಿಸಿರಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಅಲ್ಲಿನ ರಹಸ್ಯ ಪೊಲೀಸ್ ಕೆಜಿಬಿ (ಸೋವಿಯತ್ ಕಾಲದ ಹೆಸರೇ ಈಗಲೂ) ಹಳೇ ಕಾರ್ಡ್ ಲೆಕ್ಕ ತೆಗೆದು ಒಬ್ಬೊಬ್ಬರನ್ನೇ ಕರೆಸಿತು. ಕೊಟ್ಟದ್ದರ ಹಲವು ಪಟ್ಟು ಹಣವನ್ನು ಸರ್ಕಾರ ಹೇಳಿದ ಆಸ್ಪತ್ರೆಗೋ ಇನ್ನೊಂದಕ್ಕೋ ಕಟ್ಟಿ, ಇಲ್ಲಾಂದ್ರೆ ಕೇಸು ಎದುರಿಸಿ ಅಂದಿತು. ಸಣ್ಣ ಮೊತ್ತ ಕೊಟ್ಟವರನ್ನೂ ಬಿಡಲಿಲ್ಲ.

ಈಗ ಇನ್ನೂ ಬಿಗಿ. ಅಲೆಸ್ ಬಿಯಾಲಿಯಾಟ್‌ಸ್ಕಿ 2022ರಲ್ಲಿ ಜೈಲಿನಲ್ಲಿದ್ದಾಗಲೇ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಅವರು ಕಟ್ಟಿದ 'ವಿಯಾಸ್ನಾ' ಮಾನವ ಹಕ್ಕು ಸಂಸ್ಥೆಯನ್ನೇ 2023ರಲ್ಲಿ ಉಗ್ರಗಾಮಿ ಗುಂಪು ಅಂತ ಘೋಷಿಸಿದರು. ಇಂಥ ಪಟ್ಟಿಯಲ್ಲಿರುವವರಿಗೆ ದುಡ್ಡು ಕೊಟ್ಟರೆ ಕ್ರಿಮಿನಲ್ ಕೇಸು. ಪಟ್ಟಿಯಲ್ಲಿರುವ ಟೆಲಿಗ್ರಾಂ ಚಾನೆಲ್‌ಗೆ ಸುಮ್ನೆ ಸೇರಿಕೊಂಡಿದ್ದರೂ ದಂಡ, ಇಲ್ಲವೇ 15 ದಿನದವರೆಗೆ ಲಾಕಪ್.

"ವಿದೇಶಿ ವಿದ್ಯಾರ್ಥಿಗಳ ತಂಟೆಗೆ ಯಾರೂ ಬರಲ್ಲ ಸಾರ್" ಅನ್ನುವ ಸೀಟು ಏಜೆಂಟರ ಮಾತು ನಂಬಬೇಡಿ. ಅವರಿಗೆ ಬೇಕಿರುವುದು ಕಮಿಷನ್. ಜರ್ಮನಿ, ಜಪಾನಿನ ಪ್ರಜೆಗಳೇ ಬೇರೆ ಬೇರೆ ಆರೋಪದಲ್ಲಿ ಅಲ್ಲಿ ಜೈಲು ಕಂಡಿದ್ದಾರೆ.

ಗುಟ್ಟಾಗಿ ಮಾಡುತ್ತೇವೆ ಅಂತೀರಾ? ಉಕ್ರೇನ್ ಯುದ್ಧ ಶುರುವಾದಾಗ ಬೆಲಾರುಸಿನಲ್ಲಿ ರಷ್ಯಾ ಸೇನೆಯ ಓಡಾಟದ ಫೋಟೋಗಳನ್ನು ಸಾಮಾನ್ಯ ಜನ 'ಹಾಯುನ್' ಎಂಬ ತಂಡದ ಟೆಲಿಗ್ರಾಂ ಬಾಟ್‌ಗೆ (ಸಂದೇಶಗಳನ್ನು ತಾನೇ ಪಡೆದುಕೊಳ್ಳುವ ಖಾತೆ) ಕಳಿಸುತ್ತಿದ್ದರು. ತಂಡ ಪ್ರಾಮಾಣಿಕವೇ. ಆದರೆ 2025ರ ಫೆಬ್ರುವರಿಯಲ್ಲಿ ಆ ಬಾಟ್ ಸರ್ಕಾರದ ಕೈಗೆ ಸಿಕ್ಕಿತು. ತಂಡ ಬಾಗಿಲು ಹಾಕಿತು. ಅದನ್ನು ನಡೆಸುತ್ತಿದ್ದ ಮುಖ್ಯಸ್ಥರು ಹೊರದೇಶದಲ್ಲಿದ್ದರು, ಅವರು ಕೈಗೆ ಸಿಗಲಿಲ್ಲ. ಫೋಟೋ ಕಳಿಸಿ ಮರೆತಿದ್ದವರ ಮನೆಗೆ ಪೊಲೀಸರು ಬಂದರು. ಹೊರಗಿರುವವರಿಗೆ ಮಾಡುವ ಸಹಾಯದ ಬೆಲೆಯನ್ನು ಒಳಗಿರುವವರು ಕಟ್ಟುತ್ತಾರೆ. ಇದೊಂದು ತಲೆಯಲ್ಲಿರಲಿ.

ಮಗಳು ಓದು ಮುಗಿಸಿ ಬಂದ ಮೇಲೆ ಧಾರಾಳವಾಗಿ ಕೊಡಿ. ನಿಮ್ಮದೇ ಖಾತೆಯಿಂದ, ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ನಿಯಮದಡಿ, ಪೋಲೆಂಡ್ ಅಥವಾ ಲಿಥುವೇನಿಯಾದಲ್ಲಿ ನೋಂದಾಯಿಸಿದ ಸಂಸ್ಥೆಗೆ ಕಳಿಸಿ. ವಿದೇಶಿ ದೇಣಿಗೆ ಕಾಯ್ದೆ ಎಫ್‌ಸಿಆರ್‌ಎ ಅಡ್ಡ ಬರುತ್ತದೆ ಅನ್ನುವ ಪಂಡಿತರಿಗೆ ಹೇಳಿ: ಆ ಕಾಯ್ದೆ ಇರುವುದು ಹೊರಗಿನಿಂದ ಬರುವ ಹಣಕ್ಕೆ, ಹೋಗುವುದಕ್ಕಲ್ಲ. ಕ್ರಿಪ್ಟೋದಲ್ಲಿ ಗುಟ್ಟಾಗಿ ತಲುಪಿಸುತ್ತೇನೆ ಎಂದು ಯಾರಾದರೂ ಮೆಸೇಜ್ ಮಾಡಿದರೆ ಬ್ಲಾಕ್ ಮಾಡಿ. ಅವನು ಕಳ್ಳನಾಗಿರಬಹುದು, ಇಲ್ಲವೇ ಕೆಜಿಬಿಯವನು. ಕೈದಿಯ ಮನೆಯವರ ಖಾತೆಗೆ ಮಾತ್ರ ನೇರವಾಗಿ ಎಂದೂ ಹಾಕಬೇಡಿ.

ಇನ್ನೊಂದು ಸಹಾಯವನ್ನು ಯಾರೂ ಕೇಳುವುದಿಲ್ಲ. 2023ರ ಸೆಪ್ಟೆಂಬರ್‌ನಿಂದ ಬೆಲಾರುಸ್ ರಾಯಭಾರ ಕಚೇರಿಗಳು ಹೊರದೇಶದಲ್ಲಿರುವ ತಮ್ಮ ಪ್ರಜೆಗಳ ಪಾಸ್‌ಪೋರ್ಟ್ ನವೀಕರಿಸುವುದನ್ನು ನಿಲ್ಲಿಸಿವೆ. ಹೊಸದು ಬೇಕೆಂದರೆ ವಾಪಸ್ ಹೋಗಬೇಕು. ಹೋದರೆ ಜೈಲಾಗಬಹುದು. ವಾರ್ಸಾದ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರು, ಅವಧಿ ಮುಗಿದ ಪಾಸ್‌ಪೋರ್ಟ್ ಹಿಡಿದ ಬೆಲಾರುಸ್ ಸಹೋದ್ಯೋಗಿಗೆ ಬಾಡಿಗೆ ಮನೆ ಹುಡುಕಿಕೊಟ್ಟರೆ, ವಲಸೆ ಕಚೇರಿಯ ಕಾಗದಪತ್ರಕ್ಕೆ ಜೊತೆಗೆ ಹೋದರೆ ಅದು ನಿಮ್ಮ ನೂರು ಯೂರೋಗಿಂತ ಜಾಸ್ತಿ.

ಪ್ರಶ್ನೆ: ವಿರೋಧಿ ನಾಯಕಿ ಟಿಖಾನೋವ್‌ಸ್ಕಯಾ ಅಮೆರಿಕದ ಏಜೆಂಟ್ ಅಂತಾರಲ್ಲ?

ಉತ್ತರ: ಗಂಡನನ್ನು ಜೈಲಿಗೆ ಹಾಕಿದ್ದಕ್ಕೆ ಅವನ ಜಾಗದಲ್ಲಿ ಚುನಾವಣೆಗೆ ನಿಂತ ಹೆಣ್ಣುಮಗಳು. ವಾಟ್ಸ್ಯಾಪ್ ಸ್ವಲ್ಪ ಕಡಿಮೆ ಓದಿ.

ಪ್ರಶ್ನೆ: ಆನ್‌ಲೈನ್ ಮನವಿಗೆ ಸಹಿ ಹಾಕಿದರೆ?

ಉತ್ತರ: ಮಗಳ ಹೆಸರಲ್ಲಿ ಹಾಕಬೇಡಿ. ನಿಮ್ಮ ಹೆಸರಲ್ಲಿ ಹಾಕಿ ಆಗುವುದೂ ಅಷ್ಟರಲ್ಲೇ ಇದೆ.

ಪ್ರಶ್ನೆ: ಬೆಲಾರುಸ್ ಮೇಲೆ ಪಾಶ್ಚಾತ್ಯ ದೇಶಗಳು ಹಾಕಿದ ನಿರ್ಬಂಧಗಳಿಂದ ಏನಾದರೂ ಆಗಿದೆಯಾ?

ಉತ್ತರ: ಲುಕಾಶೆಂಕೊ 1994ರಿಂದ ಕುರ್ಚಿ ಬಿಟ್ಟಿಲ್ಲ, ನಿಜ. ಆದರೆ ಬಿಯಾಲಿಯಾಟ್‌ಸ್ಕಿ ಸೇರಿ ನೂರಕ್ಕೂ ಹೆಚ್ಚು ಜನ 2025ರ ಡಿಸೆಂಬರ್‌ನಲ್ಲಿ ಹೊರಬಂದದ್ದು, ಅಮೆರಿಕ ಬೆಲಾರುಸಿನ ಪೊಟ್ಯಾಷ್ ಮೇಲಿನ ನಿರ್ಬಂಧ ತೆಗೆಯಲು ಒಪ್ಪಿದಾಗ. ನಮ್ಮ ಗೊಬ್ಬರದಂಗಡಿಗೆ ಬರುವ ಅದೇ ಪೊಟ್ಯಾಷ್.

ಪ್ರಶ್ನೆ: ಕೈದಿಗಳಿಗೆ ಕಾಗದ ಬರೆಯಬಹುದಾ?

ಉತ್ತರ: ಬೆಲಾರುಸಿಯನ್ ಇಲ್ಲವೇ ರಷ್ಯನ್‌ನಲ್ಲಿ ಇಲ್ಲದಿದ್ದರೆ ಸೆನ್ಸಾರ್ ದಾಟುವುದಿಲ್ಲ. ಇದ್ದರೂ ಅಪರಿಚಿತರ ಕಾಗದವನ್ನು ಎಷ್ಟೋ ಸಲ ಕೊಡುವುದಿಲ್ಲ. ಬರೆಯುವುದಾದರೆ ರಾಜಕೀಯ ಬೇಡ, ಹವಾಮಾನ, ಅಡುಗೆ, ನಾಯಿ-ಬೆಕ್ಕಿನ ವಿಷಯ ಬರೆಯಿರಿ. ಕಳಿಸುವ ವಿಳಾಸವಾಗಿ ಮಗಳ ಹಾಸ್ಟೆಲ್ ಹಾಕಬೇಡಿ.