ಟ್ರೇಲರ್ ಅಡುಗೆಮನೆ ಗೋಡೆಗೆ ಟೈಲ್ಸೋ, ಸ್ಟಿಕ್ಕರೋ, ಸ್ಟೀಲೋ

ಹೊಸನಗರದ ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದೆ. ಎರಡು ಸಾಲಲ್ಲಿ ಮುಗಿಯೋ ವಿಷಯ ಅಲ್ಲ ಅನ್ನಿಸ್ತು, ಅದಕ್ಕೆ ಇವತ್ತು ಬೆಳಿಗ್ಗೆ ಕೆಲಸ ಎಲ್ಲ ಮುಗಿಸಿ ಬರೆಯೋಕೆ ಕೂತಿದೀನಿ. ನೀವು ಕೇಳಿದ್ದು ಇಷ್ಟು: ಜೀಪಿನ ಹಿಂದೆ ಎಳೆದುಕೊಂಡು ಹೋಗೋ, ಒಳಗೇ ಮಲಗಿ ಅಡುಗೆ ಮಾಡೋ 12 ಅಡಿ ಟ್ರೇಲರ್, ಸ್ಕ್ವೇರ್ ಪೈಪಿನ ಚೌಕಟ್ಟು, ಒಳಗೆ 6 ಎಂಎಂ ಪ್ಲೈವುಡ್. ಹಿಂಬದಿಯಲ್ಲಿ ಅಡುಗೆ ಕಟ್ಟೆ, 5 ಅಡಿ ಉದ್ದ. ಎಡಕ್ಕೆ ಸಿಂಕು, ಬಲಕ್ಕೆ ಎರಡು ಬರ್ನರಿನ ಒಲೆ. ಕಟ್ಟೆ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಡ್ಯಾಡೊ, ಅಂದ್ರೆ ನೀರು ಜಿಡ್ಡು ಗೋಡೆಗೆ ತಾಗದ ಹಾಗೆ ಹೊದಿಕೆ, ಏನು ಹಾಕಿಸೋದು? ಅತ್ತಿಗೆಗೆ ನಮ್ಮ ಕಡೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರದ ಟೈಲ್ಸ್ ಆಸೆ, ಕಾರ್ಪೆಂಟರ್ ಸ್ಟಿಕ್ಕರ್ ಸಾಕು ಅಂತಾನೆ, ನಿಮಗೆ ಎರಡೂ ಮನಸ್ಸಿಗೆ ಬರ್ತಿಲ್ಲ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಟೈಲ್ಸ್ ಬೇಡ. ಸ್ಟಿಕ್ಕರ್ ಒಲೆ ಹಿಂದೆ ಬೇಡವೇ ಬೇಡ. ಪೂರ್ತಿ 5 ಅಡಿಗೂ ಒಂದೇ ತುಂಡಿನ ತೆಳು ಸ್ಟೀಲ್ ಶೀಟು ಹಾಕಿ, ಒಲೆ ಹಿಂದೆ ಮಾತ್ರ ಅದರ ಮುಂದೆ ಇನ್ನೊಂದು ಸಣ್ಣ ಶೀಟು, ನಡುವೆ ಗಾಳಿ ಆಡೋಕೆ ಜಾಗ ಬಿಟ್ಟು ನಿಲ್ಲಿಸಿ. ಎರಡನ್ನೂ ಬೇಕಾದಾಗ ಬಿಚ್ಚೋಕೆ ಬರಬೇಕು.

ನಾವು ಮೊದಲು ಹಾಕಿಸಿದ್ದು ಟೈಲ್ಸೇ. ಆರಿಂಚಿನ ಬಿಳಿ ಟೈಲ್ಸು, ಪ್ಲೈವುಡ್ ಮೇಲೆ ಸಿಮೆಂಟ್ ಗಮ್ಮಲ್ಲಿ ಕೂರಿಸಿದ್ದು. ನೋಡೋಕೆ ಮನೆ ಅಡುಗೆಮನೆ ಹಾಗೇ ಇತ್ತು. ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದ್ಸಲ ಮರವಂತೆಗೆ ಹೊರಟು ಹುಲಿಕಲ್ ಘಾಟಿ ಇಳಿದು ಹೊಸಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿ ಬಾಗಿಲು ತೆಗೆದರೆ ಮೂರು ಟೈಲ್ಸ್ ಸಿಂಕಿನೊಳಗೆ ಬಿದ್ದಿದ್ದವು, ಒಂದು ಒಲೆ ಮೇಲೆ ಒಡೆದು ಚೂರಾಗಿತ್ತು. ಬಿದ್ದ ಟೈಲ್ಸಿಗಿಂತ ಅದರ ಹಿಂದೆ ಕಂಡಿದ್ದು ನೋಡಿ ಹೊಟ್ಟೆ ಉರಿದುಹೋಯ್ತು. ಟೈಲ್ಸ್ ಸಂದಿಯ ಗ್ರೌಟಿನಲ್ಲಿ ಕೂದಲೆಳೆಯಷ್ಟು ಬಿರುಕು, ಆ ಗೆರೆಗುಂಟ ಅರಿಶಿನದ ಹಳದಿ ಇಳಿದಿತ್ತು. ಉಳಿದ ಟೈಲ್ಸ್ ಎಬ್ಬಿಸಿ ನೋಡಿದ್ರೆ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡಿದೆ, ನಲ್ಲಿಯ ಹತ್ತಿರ ಅಂಗೈಯಗಲ ಕಪ್ಪು ಬೂಷ್ಟು. ಹೆಬ್ಬೆರಳಲ್ಲಿ ಒತ್ತಿದ್ರೆ ಬೆರಳು ನೆನೆದ ರಟ್ಟಿನೊಳಗೆ ಹೋದ ಹಾಗೆ ಹೋಗ್ತಿತ್ತು.

ಟೈಲ್ಸ್ ಅಂಟಿಸಿದವನ ಕೆಲಸ ಕೆಟ್ಟದಿತ್ತು ಅಂತಲ್ಲ. ಮನೆ ಗೋಡೆ ಅಲ್ಲಾಡಲ್ಲ, ಟ್ರೇಲರ್ ಗೋಡೆ ಅಲ್ಲಾಡುತ್ತೆ. ಒಂದು ಚಕ್ರ ಗುಂಡಿಗೆ ಇಳಿದಾಗ ಚೌಕಟ್ಟು ಸ್ವಲ್ಪ ತಿರುಚುತ್ತೆ, ಜೊತೆಗೆ ಗೋಡೆನೂ. ಮಳೆಗಾಲದ ತಂಡಿಗೆ ಪ್ಲೈವುಡ್ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ. ಟೈಲ್ಸು ಉಬ್ಬೋದೂ ಇಲ್ಲ, ಬಾಗೋದೂ ಇಲ್ಲ. ನಡುವೆ ಸಿಕ್ಕಿದ ಗ್ರೌಟು ಬಿರಿಯಲೇಬೇಕು. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳೋ ನಾಡು ನಮ್ಮದು. ಇಲ್ಲಿ ಬಿರುಕಲ್ಲಿ ಒಳಗೆ ಹೋದ ನೀರು ಜೂನ್‌ನಿಂದ ಅಕ್ಟೋಬರ್ ತನಕ ಆರೋದೇ ಇಲ್ಲ.

ತೂಕದ ಲೆಕ್ಕನೂ ನೋಡಿ. ನಿಮ್ಮ ಗೋಡೆ ಏಳೂವರೆ ಚದರಡಿ, ಅಂದ್ರೆ 0.7 ಚದರ ಮೀಟರ್. 8 ಎಂಎಂ ಸೆರಾಮಿಕ್ ಟೈಲ್ಸ್ 11 ಕೆ.ಜಿ. ಬರುತ್ತೆ, ಗಮ್ಮು ಗ್ರೌಟು ಸೇರಿದ್ರೆ 13–14. ಅದೇ 0.8 ಎಂಎಂ ಸ್ಟೀಲ್ ಶೀಟು ನಾಲ್ಕೂವರೆ ಕೆ.ಜಿ., ಒಲೆ ಹಿಂದಿನ ಸಣ್ಣ ಶೀಟು ಇನ್ನೊಂದು ಎರಡು ಕೆ.ಜಿ. ಒಳಗೆ. ಏಳೆಂಟು ಕೆ.ಜಿ. ವ್ಯತ್ಯಾಸಕ್ಕೆ ಏನು ಮಹಾ ಅಂತ ಅನ್ನಿಸಬಹುದು. ಆದ್ರೆ ನಿಮ್ಮದು ಹಿಂಬದಿ ಅಡುಗೆಮನೆ, ಸಿಲಿಂಡರು, ನೀರಿನ ಕ್ಯಾನು, ಪಾತ್ರೆ ಎಲ್ಲ ಆಗಲೇ ಆಕ್ಸಲ್ ಹಿಂದೆ ಕೂತಿವೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಜೀಪಿನ ಕೊಕ್ಕೆ ಮೇಲೆ ಕೂರಬೇಕು. ಹಿಂದಿನ ಭಾರ ಹೆಚ್ಚಾದಷ್ಟೂ ಕೊಕ್ಕೆ ಹಗುರಾಗುತ್ತೆ, ಇಳಿಜಾರಲ್ಲಿ ಟ್ರೇಲರ್ ಬಾಲ ಬೀಸೋಕೆ ಶುರು ಮಾಡುತ್ತೆ. ಹಿಂದೆ ಇಡೋ ಒಂದೊಂದು ಕೆ.ಜಿ.ಯನ್ನೂ ಯೋಚನೆ ಮಾಡಿ ಇಡಿ.

ಇನ್ನು ಸ್ಟಿಕ್ಕರು. ಅದು ವಿನೈಲ್, ಅಂದ್ರೆ ಪಿವಿಸಿ. 80 ಡಿಗ್ರಿ ಹತ್ತಿರ ಬಂದ್ರೆ ಮೆತ್ತಗಾಗುತ್ತೆ. ಒಲೆ ಹಿಂದಿನ ಗೋಡೆ ಅಷ್ಟು ಕಾಯೋದು ಕಷ್ಟವೇ ಅಲ್ಲ, ದೊಡ್ಡ ಬಾಣಲೆ ಇಟ್ಟು ಹಲಸಿನ ಹಪ್ಪಳ ಕರಿಯೋಕೆ ನಿಂತ್ರೆ ಉರಿ ಬಾಣಲೆಯ ಅಂಚು ದಾಟಿ ಗೋಡೆ ಕಡೆಗೇ ನಾಲಿಗೆ ಚಾಚುತ್ತೆ. ಪಿವಿಸಿ ಪ್ಯಾನೆಲ್ಲಿಗೂ ಇದೇ ಮಾತು. ಸಿಂಕಿನ ಪಕ್ಕ, ಒಲೆಯಿಂದ ದೂರ ಇದ್ರೆ ಸ್ಟಿಕ್ಕರ್ ಹಾಕಿಕೊಳ್ಳಿ, ತಕರಾರಿಲ್ಲ. ಅಂಗಡಿ ಬೋರ್ಡಿಗೆ ಹಾಕೋ ಎಸಿಪಿ ಶೀಟು ಹಗುರ, ಚೆಂದ, ಎಲ್ಲ ಕಡೆ ಸಿಗುತ್ತೆ. ಆದ್ರೆ ಎರಡು ತೆಳು ಅಲ್ಯೂಮಿನಿಯಂ ಪದರದ ನಡುವೆ ಇರೋದು ಪ್ಲಾಸ್ಟಿಕ್ಕು. ಸಾಮಾನ್ಯ ದರ್ಜೆಯದರಲ್ಲಿ ಪಾಲಿಎಥಿಲೀನ್ ಇರುತ್ತೆ, 110–130 ಡಿಗ್ರಿಗೆ ಕರಗಿ ಆಮೇಲೆ ಹೊತ್ತಿಕೊಳ್ಳುತ್ತೆ. ಮಲಗೋ ಜಾಗದಿಂದ ನಾಲ್ಕಡಿ ದೂರದ ಒಲೆ ಹಿಂದೆ ಅದನ್ನ ಹಾಕಿ ಅಂತ ನಾನು ಯಾರಿಗೂ ಹೇಳಲ್ಲ.

ಟೈಲ್ಸ್ ತೆಗೆದ ಮೇಲೆ ನಾವು ಅಲ್ಯೂಮಿನಿಯಂ ಶೀಟು ಹಾಕಿಸಿದ್ವಿ. ತೂಕಕ್ಕೆ ಅದನ್ನ ಮೀರಿದ್ದಿಲ್ಲ, 1.2 ಎಂಎಂದು ಹಾಕಿದ್ರೂ ನಿಮ್ಮ ಗೋಡೆಗೆ ಎರಡೂಕಾಲು ಕೆ.ಜಿ. ಕೂರಿಸಿದವರು ಅಂಚಿಗೆ ಸಂದಿ ಮುಚ್ಚೋ ಸಾದಾ ಸಿಲಿಕೋನ್ ಅಂಟು ಎಳೆದಿದ್ರು, ಹಾಕುವಾಗ ವಿನೆಗರ್ ವಾಸನೆ ಬರುತ್ತಲ್ಲ, ಅದು. ಆ ವಾಸನೆ ಅಸಿಟಿಕ್ ಆಸಿಡ್ಡಿಂದು, ಅಲ್ಯೂಮಿನಿಯಂನ ತಿನ್ನುತ್ತೆ. ಮುಂದಿನ ಮಳೆಗಾಲ ಕಳೆಯೋ ಹೊತ್ತಿಗೆ ಅಂಚಿಗುಂಟ ಸುಣ್ಣದ ಪುಡಿ ಉದುರಿದ ಹಾಗೆ ಬಿಳಿ, ಉಗುರಲ್ಲಿ ಕೆರೆದ್ರೆ ಕೆಳಗೆ ಸಣ್ಣ ಸಣ್ಣ ಗುಳಿ. ಮೇಲಿಂದ ಕರಾವಳಿಯ ಉಪ್ಪುಗಾಳಿ ಬೇರೆ. ಅಲ್ಯೂಮಿನಿಯಂ ಹಾಕೋದೇ ಆದ್ರೆ ನ್ಯೂಟ್ರಲ್ ಸಿಲಿಕೋನೇ ಬೇಕು ಅಂತ ಕೇಳಿ ತಗೊಳ್ಳಿ, ಟ್ಯೂಬಿನ ಮೇಲೆ ಬರೆದಿರುತ್ತೆ. ನಾವು ಸ್ಟೀಲಿಗೆ ಬಂದ್ವಿ, ಮೂರು ಮಳೆಗಾಲ ಕಳೀತು, ಚೆನ್ನಾಗಿದೆ.

ಸ್ಟೀಲ್ ತಗೊಳ್ಳುವಾಗ 304 ದರ್ಜೆ ಕೇಳಿ, ಬಿಲ್ಲಿನಲ್ಲೂ ಬರೆಸಿ. 202 ಅಗ್ಗ, ಆದ್ರೆ ನಿಕ್ಕಲ್ ಕಮ್ಮಿ, ಸಮುದ್ರದ ಕಡೆ ಹೋಗಿ ಬಂದ್ರೆ ಕಂದು ಚುಕ್ಕೆ ಏಳುತ್ತೆ. ಅಯಸ್ಕಾಂತ ಹಿಡಿದು ತೋರಿಸಿ "ನೋಡಿ ಅಂಟಲ್ಲ, 304ನೇ" ಅಂದ್ರೆ ನಂಬಬೇಡಿ, 202ಗೂ ಅದು ಅಂಟಲ್ಲ. 22 ಗೇಜು, ಅಂದ್ರೆ ಸುಮಾರು 0.8 ಎಂಎಂ ದಪ್ಪ, ಸಾಕು. ಕನ್ನಡಿ ಹೊಳಪು ಬೇಡ, ಗೀರು ಎದ್ದು ಕಾಣುತ್ತೆ. ಉದ್ದಕ್ಕೆ ಸಣ್ಣ ಗೆರೆ ಇರೋ ಮ್ಯಾಟ್ ಫಿನಿಶ್ ತಗೊಳ್ಳಿ. ಶೀಟಿನ ಮೇಲೆ ಅಂಟಿಸಿರೋ ಪ್ಲಾಸ್ಟಿಕ್ ಪೊರೆಯನ್ನ ಕೂರಿಸೋ ಮೊದಲು ಅಂಚಿನಿಂದ ಒಂದಿಂಚು ಸುಲಿದಿರಬೇಕು, ಒಲೆ ಹಚ್ಚೋ ಮೊದಲು ಪೂರ್ತಿ ಸುಲಿದಿರಬೇಕು. ಬಿಸಿ ತಾಗಿದ ಮೇಲೆ ಅದು ಬೆಂದು ಕೂತುಬಿಡುತ್ತೆ, ಆಮೇಲೆ ಬಿಡಿಸೋದು ದಿನಗಟ್ಟಲೆ ಕೆಲಸ.

ಸ್ಟೀಲ್ ಇದೆ ಅಂದ ಮಾತ್ರಕ್ಕೆ ಹಿಂದಿನ ಮರಕ್ಕೆ ಬಿಸಿ ತಾಗಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಶೀಟು ಕಾದ್ರೆ ಪ್ಲೈವುಡ್ಡೂ ಕಾಯುತ್ತೆ. ದಿನಾ ಕಾದ ಮರ ಒಳಗೊಳಗೇ ಕರಕಾಗ್ತಾ ಬರುತ್ತೆ, ಮುಂದೆ ಕಮ್ಮಿ ಬಿಸಿಗೂ ಹೊತ್ತಿಕೊಳ್ಳುವಷ್ಟು ಒಣಗಿರುತ್ತೆ. ಅದಕ್ಕೇ ಒಲೆ ಹಿಂದೆ ಎರಡನೇ ಶೀಟು. 2 ಅಡಿ ಅಗಲ, ಒಂದೂವರೆ ಅಡಿ ಎತ್ತರ. ನಾಲ್ಕು ಮೂಲೆಗೆ 12 ಎಂಎಂ ಉದ್ದದ ಸ್ಟೀಲ್ ಪೈಪಿನ ತುಂಡು ಇಟ್ಟು ಸ್ಕ್ರೂ ಹಾಕಿ, ಕೆಳಗೂ ಮೇಲೂ ತೆರೆದಿರಲಿ. ಕಾದ ಗಾಳಿ ಮೇಲಕ್ಕೆ ಹೋಗುತ್ತೆ, ಕೆಳಗಿಂದ ತಣ್ಣನೆಯದು ಬರುತ್ತೆ. ನಮ್ಮದರಲ್ಲಿ ಒಲೆ ಮುಕ್ಕಾಲು ಗಂಟೆ ಉರಿದ ಮೇಲೂ ಹಿಂದಿನ ಶೀಟಿನ ಮೇಲೆ ಕೈ ಇಡೋಕೆ ಆಗುತ್ತೆ. ಒಲೆಯನ್ನೂ ಗೋಡೆಗೆ ಒತ್ತಿ ಇಡಬೇಡಿ, ನಿಮ್ಮ ದೊಡ್ಡ ಬಾಣಲೆ ಇಟ್ಟು ನೋಡಿ ಅಂಚಿಂದ ಗೋಡೆಗೆ ನಾಲ್ಕು ಬೆರಳು ಜಾಗ ಬಿಡಿ.

ಅಳತೆಗೆ ಟೇಪ್ ಒಂದನ್ನೇ ನಂಬಬೇಡಿ, ಟ್ರೇಲರ್ ಗೋಡೆ ಮೂಲೆಮಟ್ಟಕ್ಕೆ ಇರೋದು ಅಪರೂಪ. ಫ್ರಿಜ್ ಬಂದ ರಟ್ಟಿನ ಡಬ್ಬ ಬಿಡಿಸಿ ಗೋಡೆಗೆ ಒತ್ತಿ, ಸ್ವಿಚ್ಚು, ಕಿಟಕಿ ಅಂಚು ಎಲ್ಲ ಕತ್ತರಿಸಿ, ಆ ರಟ್ಟನ್ನೇ ಶಿವಮೊಗ್ಗಕ್ಕೆ ತಗೊಂಡು ಹೋಗಿ. ಸಾಗರ ರಸ್ತೆ ಆಟೊ ಕಾಂಪ್ಲೆಕ್ಸ್ ಕಡೆ ಶೀಟ್ ಬೆಂಡಿಂಗ್ ಮಾಡುವವರು ಸಿಗ್ತಾರೆ. ಎರಡು ಮಡಿಕೆ ಹಾಕಿಸಿ: ಕೆಳ ಅಂಚು 15 ಎಂಎಂ ಮುಂದಕ್ಕೆ ಬಂದು ಕಟ್ಟೆ ಮೇಲೆ ಕೂರಬೇಕು, ಆಗ ಗೋಡೆಗುಂಟ ಇಳಿದ ನೀರು ಸಂದಿಗೆ ಹೋಗದೆ ಕಟ್ಟೆಗೇ ಬೀಳುತ್ತೆ. ಮೇಲಿನ ಅಂಚು ಹಿಂದಕ್ಕೆ ಮಡಚಿರಬೇಕು, ಕೈ ಕೊಯ್ಯಬಾರದು. ಎರಡೂ ತುದಿಯಲ್ಲಿ 3 ಎಂಎಂ ಬಿಡಿ. 30 ಡಿಗ್ರಿ ಬಿಸಿ ಏರಿದ್ರೆ 5 ಅಡಿ ಸ್ಟೀಲ್ ಮುಕ್ಕಾಲು ಎಂಎಂ ಉದ್ದ ಆಗುತ್ತೆ, ಜಾಗ ಇಲ್ಲದಿದ್ರೆ ಹೊಟ್ಟೆ ಉಬ್ಬುತ್ತೆ.

ಈ ಕೆಲಸ ಈಗ ಮಾಡಬೇಡಿ, ದಯವಿಟ್ಟು. ಮಳೆಗಾಲದಲ್ಲಿ ಶೀಟು ಮುಚ್ಚಿದ್ರೆ ತಂಡಿಯನ್ನ ಒಳಗಿಟ್ಟು ಬೀಗ ಹಾಕಿದ ಹಾಗೆ. ಫೆಬ್ರವರಿ, ಮಾರ್ಚ್ ಒಳ್ಳೇದು. ಗೋಡೆ ಒಣಗಿದೆಯಾ ನೋಡೋಕೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಮೈ ಬೆವರಿದ್ರೆ ಇನ್ನೂ ಕಾಯಬೇಕು. ಒಣಗಿದ ಮೇಲೆ ಪ್ಲೈವುಡ್ಡಿಗೆ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ಪ್ರೈಮರ್ ಎರಡು ಕೋಟು ಕೊಡಿ. ಅಂಚಿಂದಲೇ ನೀರು ಕುಡಿಯೋದು ಅದು. ಅಲ್ಲಿ ತನಕ ಒಲೆ ಹಿಂದೆ ಒಂದು ಹಳೇ ಸ್ಟೀಲ್ ತಟ್ಟೆಯನ್ನ ಗೋಡೆಗೆ ತಾಗದ ಹಾಗೆ ನಿಲ್ಲಿಸಿ ಅಡುಗೆ ಮಾಡಿ, ಸಾಕು.

ದೊಡ್ಡ ಶೀಟನ್ನ ಗಮ್ಮು ಬಳಿದು ಪೂರ್ತಿ ಅಂಟಿಸಬೇಡಿ, ಬಿಚ್ಚುವಾಗ ಪ್ಲೈವುಡ್ಡಿನ ಮೇಲ್ಪದರವೂ ಅದರ ಜೊತೆ ಬರುತ್ತೆ. ಹಿಂದೆ ನ್ಯೂಟ್ರಲ್ ಸಿಲಿಕೋನಿನ ನಾಲ್ಕೈದು ಗೆರೆ, ಅದೂ ಮೇಲಿಂದ ಕೆಳಕ್ಕೆ, ಅಡ್ಡಕ್ಕೆ ಅಲ್ಲ. ಅಡ್ಡ ಎಳೆದ್ರೆ ಒಳಗೆ ಕೂತ ಹನಿ ಆ ಗೆರೆ ಮೇಲೇ ನಿಲ್ಲುತ್ತೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಕೊಟ್ಟೆ ಕಡುಬು ಬೇಯಿಸಿದ್ರೆ ತಣ್ಣನೆಯ ಸ್ಟೀಲ್ ಮೇಲೆ ಎಷ್ಟು ಹನಿ ಕಟ್ಟುತ್ತೆ ಅಂತ ಅತ್ತಿಗೆಗೆ ಗೊತ್ತಿರುತ್ತೆ. ಮೇಲೂ ಕೆಳಗೂ ಸ್ಟೀಲ್ ಸ್ಕ್ರೂ. ಶೀಟಿನ ತೂತು ಸ್ಕ್ರೂಗಿಂತ 2 ಎಂಎಂ ದೊಡ್ಡದಿರಲಿ, ಸ್ಕ್ರೂ ತಲೆ ಕೆಳಗೆ ರಬ್ಬರ್ ವಾಷರ್ ಇರಲಿ, ಗೋಡೆ ತಿರುಚಿದಾಗ ಶೀಟು ತನ್ನ ಪಾಡಿಗೆ ಸರಿಯುತ್ತೆ. ಕೊನೆಗೆ ಕೆಳ ಮಡಿಕೆ ಮುಂದೆ, ಎರಡು ತುದಿಗೆ ಸಿಲಿಕೋನ್ ಎಳೆದು ಒಂದು ದಿನ ಗಾಡಿ ಅಲ್ಲಾಡಿಸಬೇಡಿ. ಗಾಳಿಯ ತೇವ ಹೀರಿಕೊಂಡೇ ಅದು ಗಟ್ಟಿಯಾಗೋದು, ದಿನಕ್ಕೆ ಎರಡು ಮೂರು ಎಂಎಂ ಆಳಕ್ಕೆ. ಗಾಳಿಯಲ್ಲಿ ತೇವ ಇದ್ರೆ ತೊಂದರೆ ಇಲ್ಲ, ಬಳಿಯೋ ಮೈ ಮಾತ್ರ ಒಣಗಿರಬೇಕು.

ಡ್ರಿಲ್ ಹಿಡಿಯೋ ಮೊದಲು ಗೋಡೆ ಹಿಂದೆ 12 ವೋಲ್ಟಿನ ವೈರ್ ಎಲ್ಲಿ ಹೋಗಿದೆ ಅಂತ ಪೆನ್ಸಿಲ್ ಗೆರೆ ಹಾಕಿಕೊಂಡು ಬ್ಯಾಟರಿ ಬಿಚ್ಚಿಡಿ. ಗ್ಯಾಸ್ ಪೈಪನ್ನ ಶೀಟಿನ ಹಿಂದೆ ಮುಚ್ಚಬೇಡಿ, ದಿನಾ ಕಣ್ಣಿಗೆ ಬೀಳೋ ಕಡೆನೇ ಇರಲಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರೆ ನೆಲದ ಮೇಲೆ ಹರಡುತ್ತೆ, ಅದಕ್ಕೆ ನೆಲದ ಮಟ್ಟದಲ್ಲಿ ಗಾಳಿಕಿಂಡಿ ಇರಲೇಬೇಕು. ನಿಮ್ಮ ಫೋಟೊದಲ್ಲಿ ನನಗೆ ಅದು ಕಾಣಲಿಲ್ಲ. ಡ್ಯಾಡೊ ಆಮೇಲೆ, ಮೊದಲು ಆ ಕಿಂಡಿ ಮಾಡಿಸಿ.

ಅತ್ತಿಗೆಯ ಚಿತ್ತಾರ ಬಿಡಬೇಡಿ. ಹಸೆ ಚಿತ್ತಾರ ನಮ್ಮ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣು ಸಾರಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯೋದು, ಅದನ್ನ ಟೈಲ್ಸ್ ಮೇಲೆ ಅಚ್ಚು ಹಾಕಿಸೋದಕ್ಕಿಂತ ಕೈಯಲ್ಲೇ ಬರೆದ್ರೆ ಚೆಂದ. ಸಿಂಕಿನ ಮೇಲೆ, ಡ್ಯಾಡೊ ಮುಗಿದ ಜಾಗದಿಂದ ಕಪಾಟಿನ ತನಕ ಅರ್ಧ ಅಡಿ ಪಟ್ಟಿ ಉಳಿಯುತ್ತಲ್ಲ, ಅಷ್ಟಗಲದ 4 ಎಂಎಂ ಪ್ಲೈವುಡ್ ಪಟ್ಟಿಗೆ ಪ್ರೈಮರ್ ಹೊಡೆದು ಕೆಂಪು ಎನಾಮಲ್ ಬಳಿದು ಕೊಡಿ, ಬಿಳಿ ಬಣ್ಣದಲ್ಲಿ ಅವರೇ ಎಳೆ ಬರೀಲಿ, ಮೇಲೆ ಒಂದು ಕೋಟು ಕ್ಲಿಯರ್ ವಾರ್ನಿಶ್. ನಮ್ಮ ನಾದಿನಿ ಹೀಗೇ ಬರೆದುಕೊಟ್ಟಿದ್ದು ನಮ್ಮ ಟ್ರೇಲರಿನಲ್ಲಿದೆ, ಬಂದವರು ಮೊದಲು ನೋಡೋದು ಅದನ್ನೇ.

ಒರೆಸೋಕೆ ಬಿಸಿನೀರು, ಪಾತ್ರೆ ಸೋಪು, ಶೀಟಿನ ಗೆರೆಗುಂಟ. ಒಗ್ಗರಣೆ ಅಂಟು ಗಟ್ಟಿಯಾಗಿದ್ರೆ ಅಂಟುವಾಳದ ನೀರು ಹತ್ತು ನಿಮಿಷ ಹಚ್ಚಿ ಬಿಡಿ. ಕಬ್ಬಿಣದ ಜುಂಗು ಮುಟ್ಟಿಸಬೇಡಿ, ಅದರ ಚೂರು ಗೀರಿನಲ್ಲಿ ಉಳಿದು ತುಕ್ಕು ಹಿಡಿದು, ಸ್ಟೀಲಿಗೇ ತುಕ್ಕು ಬಂತು ಅನ್ನಿಸುತ್ತೆ. ವರ್ಷಕ್ಕೊಂದ್ಸಲ, ದೀಪಾವಳಿ ಹೊತ್ತಿಗೆ, ಸಿಲಿಕೋನ್ ಗೆರೆಗಳನ್ನ ಬ್ಲೇಡಿನಲ್ಲಿ ಬಿಡಿಸಿ ದೊಡ್ಡ ಶೀಟು ತೆಗೆದು ಹಿಂದಿನ ಗೋಡೆ ನೋಡಿ. ಒಂದು ಬೆಳಿಗ್ಗೆ ಕೆಲಸ.

ರಟ್ಟಿನ ಅಚ್ಚು ಕತ್ತರಿಸಿದ ಮೇಲೆ ಅದನ್ನ ಗೋಡೆಗೆ ಹಿಡಿದು ಒಂದು ಫೋಟೊ ಇಲ್ಲೇ ಹಾಕಿ. ಸ್ಕ್ರೂ ಎಲ್ಲೆಲ್ಲಿ, ಮಡಿಕೆ ಎಲ್ಲಿ ಅಂತ ಗೆರೆ ಹಾಕಿ ಕಳಿಸ್ತೀನಿ, ಆಮೇಲೆ ಶೀಟು ಕತ್ತರಿಸೋಕೆ ಹೇಳಿ.