ವಿಂಡೋಸ್ ಜೊತೆಗೆ ಎರಡು ಲಿನಕ್ಸ್ ಇದ್ದರೆ ಯಾವ ಬೂಟ್ ಮ್ಯಾನೇಜರ್ ಸೂಕ್ತ?

ವಿಂಡೋಸ್ ಜೊತೆಗೆ ಉಬುಂಟು, ಫೆಡೋರಾ ಎಂಬ ಎರಡು ಲಿನಕ್ಸ್‌ಗಳೂ ಇರುವ ಲ್ಯಾಪ್‌ಟಾಪ್‌ಗೆ, ಚಾಲೂ ಆಗುವಾಗ ಯಾವ ವ್ಯವಸ್ಥೆ ಬೇಕೆಂದು ಮೆನು ತೋರಿಸುವ ಬೂಟ್ ಮ್ಯಾನೇಜರ್ ಆಗಿ ಗ್ರಬ್ ಸಾಕೇ, ರೀಫೈಂಡ್ ಬೇಕೇ ಎಂದು ಕೇಳಿದ್ದೀರಿ. ಯುಇಎಫ್ಐ (ಕಂಪ್ಯೂಟರನ್ನು ಚಾಲೂ ಮಾಡುವ ಹೊಸ ಬಗೆಯ ಅಂತರ್ಗತ ತಂತ್ರಾಂಶ) ಇರುವ ಯಂತ್ರವಾದರೆ ನನ್ನ ಆಯ್ಕೆ ರೀಫೈಂಡ್. ಏಕೆಂದರೆ ಗ್ರಬ್ ಸಾಮಾನ್ಯವಾಗಿ ಮೊದಲೇ ಬರೆದಿಟ್ಟ ಪಟ್ಟಿಯನ್ನು ತೋರಿಸಿದರೆ, ರೀಫೈಂಡ್ ಕಂಪ್ಯೂಟರ್ ಚಾಲೂ ಆದಾಗಲೆಲ್ಲ ಡಿಸ್ಕನ್ನು ಜಾಲಾಡಿ, ಹೊಸದಾಗಿ ಸ್ಥಾಪಿಸಿದ ವ್ಯವಸ್ಥೆಯನ್ನೂ ತಾನೇ ಮೆನುವಿಗೆ ಸೇರಿಸುತ್ತದೆ. 2021ರಲ್ಲಿ ಬಂದ ಗ್ರಬ್ 2.06ರಿಂದೀಚೆಗೆ, ಇತರ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬ ಸಾಧನ ಡಿಫಾಲ್ಟ್ ಆಗಿ ನಿಷ್ಕ್ರಿಯವಾಗಿರುವುದರಿಂದ, ಮೆನುವಿನಲ್ಲಿ ವಿಂಡೋಸ್ ಕಾಣದೆ ಹಲವರು ಗಾಬರಿಯಾಗುತ್ತಾರೆ. ವಿಂಡೋಸ್ ಅಳಿಸಿಹೋಗಿರುವುದಿಲ್ಲ, ಗ್ರಬ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಓಎಸ್-ಪ್ರೋಬರನ್ನು ಸಕ್ರಿಯಗೊಳಿಸಿ ಮೆನುವನ್ನು ಮತ್ತೆ ರಚಿಸಿದರೆ ಸಾಕು. ಯುಇಎಫ್ಐಗಿಂತ ಹಿಂದಿನ ಬಯೋಸ್ ಇರುವ ಹಳೆಯ ಯಂತ್ರಕ್ಕೆ ಮಾತ್ರ ರೀಫೈಂಡ್ ಹೊಂದುವುದಿಲ್ಲ, ಅಲ್ಲಿ ಗ್ರಬ್ಬೇ ಸರಿ. ಯಾವುದನ್ನೇ ಬದಲಿಸುವ ಮುನ್ನ, ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಚಾಲ್ತಿಯಲ್ಲಿದ್ದರೆ, ಆ ಬೀಗ ತೆರೆಯಲು ಬೇಕಾಗಬಹುದಾದ ಅದರ 48 ಅಂಕಿಗಳ ರಿಕವರಿ ಕೀಯನ್ನು ದಯವಿಟ್ಟು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.